ಬಾಗಿಲಲ್ಲಿ ನಿಂತ ಜನ

(ಶತಮಾನೋತ್ಸವ ವರ್ಷದ ಅಂಗವಾಗಿ ದೇವಾಲಯದ ಆವರಣದಲ್ಲಿ ಜರುಗಿದ ಕುಟುಂಬ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವನು ಹಿರಿಯರ ಗುಣಗಾನ ಮಾಡುವುದು ವಾಡಿಕೆ. ಅದು ಯೋಗ್ಯವೂ ಹೌದು. ಮಲಪ್ರಭೆಯ ಈಚೆಗೂ ಆಚೆಗೂ ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಸಂಚರಿಸಿದ ಗುರುಗಳ ಶ್ರಮವನ್ನೂ, ತಮ್ಮ ಹೊಟ್ಟೆ ಕಟ್ಟಿ ಈ ಗೋಡೆಗಳಿಗೆ ಕಲ್ಲು ಹೊತ್ತ ಕುಟುಂಬಗಳ ತ್ಯಾಗವನ್ನೂ ಬಲ್ಲವರು ಸ್ಮರಣ ಸಂಚಿಕೆಯಲ್ಲಿ ವಿವರವಾಗಿ ಬರೆಯಲಿದ್ದಾರೆ. ನನಗೆ ಸಮಿತಿಯವರು ಕೊಟ್ಟ ವಿಷಯ 'ಕುಟುಂಬ' ಎಂಬುದು. ಅದರಲ್ಲಿ ನಾವು ಹೆಚ್ಚಾಗಿ ಮಾತನಾಡದ ಒಂದು ಭಾಗವನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇನೆ. ಅಂಗವಿಕಲತೆಯುಳ್ಳ ಮಗುವನ್ನು ಸಾಕುವ ತಾಯಿತಂದೆಯರ ವಿಷಯ ಅದು. ಆ ಮಗುವನ್ನು ಕೈಹಿಡಿದು ಶಾಲೆಯ ಬಾಗಿಲಿಗೆ ನಡೆದವರ ವಿಷಯ.

ಇದನ್ನೇ ಏಕೆ ಆರಿಸಿಕೊಂಡೆನೆಂದು ಮೊದಲು ಹೇಳಬೇಕು. ಶತಮಾನೋತ್ಸವದ ಚರಿತ್ರೆಗಾಗಿ ಕಳೆದ ವರ್ಷ ನಾನು ನಮ್ಮ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ಹೊರತೆಗೆದೆ. ಜ್ಞಾನಸ್ನಾನದ ಪುಸ್ತಕ, ಪ್ರಥಮ ಪರಮಪ್ರಸಾದದ ಪುಸ್ತಕ, ದೃಢೀಕರಣದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕ, ಹೀಗೆ ಒಬ್ಬ ಕ್ರೈಸ್ತನ ಬಾಳು ಐದು ಪುಸ್ತಕಗಳಲ್ಲಿ ಸಾಗುತ್ತದೆ. ಒಂದೊಂದು ಹೆಸರನ್ನೂ ಹಿಂಬಾಲಿಸುತ್ತ ಹೋದಂತೆ, ಕೆಲವು ಹೆಸರುಗಳು ಮೊದಲನೆಯ ಪುಸ್ತಕದಲ್ಲಿ ಕಾಣಿಸಿಕೊಂಡು ಮೂವತ್ತು ನಲವತ್ತು ವರ್ಷಗಳ ನಂತರ ಕೊನೆಯ ಪುಸ್ತಕದಲ್ಲಿ ಮಾತ್ರ ಮತ್ತೆ ಸಿಕ್ಕವು. ನಡುವೆ ಏನೂ ಇಲ್ಲ. ಊರು ಬಿಟ್ಟು ಹೋದವರಿರಬಹುದೆಂದು ಭಾವಿಸಿದೆ. ಆದರೆ ಊರು ಬಿಟ್ಟವರನ್ನು ಇಲ್ಲಿ ಮಣ್ಣು ಮಾಡುವುದಿಲ್ಲವಲ್ಲ! ಹಿರಿಯರನ್ನು ವಿಚಾರಿಸಿದೆ. "ಅಂವಾ ಮೂಕ ಇದ್ದಾ ಫಾದರ" ಎಂದರು ಒಬ್ಬರು. "ಅಕಿಗೆ ನಡ್ಯಾಕ ಬರ್ತಿದ್ದಿಲ್ಲ, ಒಳಗಿನ ಖೋಲ್ಯಾಗ ಇರತಿದ್ಳು" ಎಂದರು ಮತ್ತೊಬ್ಬರು. ನಮ್ಮ ನೂರು ವರ್ಷದ ಚರಿತ್ರೆಯಲ್ಲಿ ಹೀಗೆ ಒಳಕೋಣೆಯಲ್ಲಿಯೇ ಕಳೆದುಹೋದ ಬಾಳುಗಳಿವೆ. ಅವರು ಶಾಲೆ ನೋಡಲಿಲ್ಲ, ಜ್ಞಾನೋಪದೇಶಕ್ಕೆ ಬರಲಿಲ್ಲ, ನಾವು ಅವರನ್ನು ಕರೆಯಲೂ ಇಲ್ಲ.

ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವನ್ನು ನೀವೆಲ್ಲರೂ ಬಲ್ಲಿರಿ. ಕಫೆರ್ನವುಮಿನ ಒಂದು ಮನೆಯಲ್ಲಿ ಪ್ರಭು ಉಪದೇಶ ಮಾಡುತ್ತಿದ್ದಾಗ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಜನಸಂದಣಿಯ ಕಾರಣ ಬಾಗಿಲ ಬಳಿಗೂ ಹೋಗಲಾಗಲಿಲ್ಲ. ಆಗ ಅವರು ಮಾಳಿಗೆ ಹತ್ತಿ, ಮೇಲ್ಛಾವಣಿಯನ್ನು ಬಿಚ್ಚಿ, ಹಾಸಿಗೆಯ ಸಮೇತ ಅವನನ್ನು ಪ್ರಭುವಿನ ಮುಂದೆ ಇಳಿಸಿದರು. ಪಟ್ಟಣದ ಜನರಿಗೆ ಇದು ವಿಚಿತ್ರವಾಗಿ ತೋರಬಹುದು. ಮೇಲ್ಮುದ್ದೆಯ ಮನೆ, ಮಾಳಿಗೆ, ಬೆಳಕಿಂಡಿ ಇವುಗಳ ನಡುವೆ ಹುಟ್ಟಿ ಬೆಳೆದ ನಮ್ಮ ಸೀಮೆಯವರಿಗೆ ಅದು ಕಣ್ಣಿಗೆ ಕಟ್ಟುವಂತೆ ಅರ್ಥವಾಗುತ್ತದೆ. ಈ ವಾಚನದ ಮೇಲೆ ನಾನು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ಆ ನಾಲ್ವರ ವಿಶ್ವಾಸವನ್ನು ಹೊಗಳಿದ್ದೇನೆ. ಪ್ರಭುವಿನ ಕರುಣೆಯನ್ನು ಕೊಂಡಾಡಿದ್ದೇನೆ. ಆದರೆ ಬಾಗಿಲಿಗೆ ಅಡ್ಡವಾಗಿ ನಿಂತವರು ಯಾರು ಎಂಬ ಪ್ರಶ್ನೆಯನ್ನು ಬಹುಕಾಲ ಕೇಳಿಕೊಳ್ಳಲಿಲ್ಲ. ಅವರು ಕಳ್ಳರಲ್ಲ, ವೈರಿಗಳಲ್ಲ. ಪ್ರಭುವಿನ ಮಾತು ಕೇಳಲೆಂದೇ ಬಂದ ಭಕ್ತಜನ! ದುರುದ್ದೇಶದಿಂದ ಯಾರೂ ತಡೆಯಲಿಲ್ಲ. ತಾವು ನಿಂತ ಜಾಗದಿಂದ ಸರಿಯಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೇ.

ಆ ಜನರಲ್ಲಿ ನಾನೂ ಒಬ್ಬ. ಇದನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. 1994ರ ಜೂನ್ ತಿಂಗಳು. ಬೇರೊಂದು ಊರಿನಲ್ಲಿ ನಾನು ಒಂದು ಶಾಲೆಯ ವ್ಯವಸ್ಥಾಪಕನಾಗಿದ್ದೆ. ಶಾಲೆ ಪ್ರಾರಂಭವಾದ ಮೊದಲ ವಾರ. ಹೊರಗೆ ಜಿಟಿಜಿಟಿ ಮಳೆ. ಒಬ್ಬ ತಾಯಿ ಏಳು ವರ್ಷದ ಮಗನನ್ನು ಕರೆದುಕೊಂಡು ಬಂದಳು. ಹುಡುಗನ ಮಾತು ಸ್ಪಷ್ಟವಿರಲಿಲ್ಲ, ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ಬುದ್ಧಿಯ ಬೆಳವಣಿಗೆ ವಯಸ್ಸಿಗೆ ತಕ್ಕಂತಿರಲಿಲ್ಲ. ನಾನು ಅವಳನ್ನು ಕೂಡಿಸಿ, ಚಹಾ ತರಿಸಿ, ಅತ್ಯಂತ ಸೌಜನ್ಯದಿಂದಲೇ ಮಾತನಾಡಿದೆ. ನಮ್ಮ ಶಿಕ್ಷಕರಿಗೆ ಇಂಥ ಮಕ್ಕಳಿಗೆ ಕಲಿಸುವ ತರಬೇತಿಯಿಲ್ಲ, ಒಂದು ತರಗತಿಯಲ್ಲಿ ಅರುವತ್ತು ಮಕ್ಕಳಿದ್ದಾರೆ, ದೊಡ್ಡ ಪಟ್ಟಣಗಳಲ್ಲಿ ವಿಶೇಷ ಶಾಲೆಗಳಿವೆ, ಅಲ್ಲಿ ಇವನಿಗೆ ಒಳ್ಳೆಯದಾಗುತ್ತದೆ ಎಂದೆಲ್ಲ ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿ ಹೀಗೆಂದಳು: "ಫಾದರ, ನನ್ನ ಮಗ ಗದ್ದಲಾ ಮಾಡಂಗಿಲ್ರಿ. ಒಂದ ಮೂಲ್ಯಾಗ ಕುಂದ್ರತಾನ. ಕಲಸೂದು ಬ್ಯಾಡ್ರಿ, ಕುಂದ್ರಾಕಷ್ಟ ಜಾಗಾ ಕೊಡ್ರಿ."

ನಾನು ಕೊಡಲಿಲ್ಲ. ಅವಳು ಸೆರಗಿನಿಂದ ಮಗನ ಬಾಯಿ ಒರೆಸಿ, ನನಗೆ ಕೈಮುಗಿದು ಮಳೆಯಲ್ಲಿಯೇ ಹೊರಟುಹೋದಳು. ಅಂದು ಸಂಜೆ ನಾನು ಎಂದಿನಂತೆ ಪೂಜೆ ಮಾಡಿದೆ, ಊಟ ಮಾಡಿದೆ, ನಿದ್ರೆಯನ್ನೂ ಮಾಡಿದೆ. ಸಾಮಾನ್ಯ ಶಾಲೆಗಳಲ್ಲಿಯೇ ಇಂಥ ಮಕ್ಕಳಿಗೆ ಶಿಕ್ಷಣ ಕೊಡಬೇಕೆಂದು ಕೇಂದ್ರ ಸರ್ಕಾರ 1974ರಲ್ಲಿಯೇ ಒಂದು ಯೋಜನೆಯನ್ನು ಪ್ರಾರಂಭಿಸಿತ್ತು. ಇಪ್ಪತ್ತು ವರ್ಷ ಕಳೆದಿದ್ದರೂ ಶಾಲೆಯ ವ್ಯವಸ್ಥಾಪಕನಾದ ನಾನು ಅದನ್ನು ಓದಿ ತಿಳಿದಿರಲಿಲ್ಲ. ಮರುವರ್ಷ, 1995ರಲ್ಲಿ, ಅಂಗವಿಕಲರ ಹಕ್ಕುಗಳ ಮೊದಲ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದಾಗ ಆ ತಾಯಿಯ ಮುಖ ನೆನಪಾಯಿತು. ಆದರೆ ಅವಳ ಹೆಸರನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ. ಸೇರಿಸಿಕೊಳ್ಳದ ಮಗುವಿನ ಹೆಸರನ್ನು ಯಾವ ಶಾಲೆಯ ಹಾಜರಿ ಪುಸ್ತಕವೂ ಬರೆದಿಡುವುದಿಲ್ಲ.

ಬಂಧುಗಳೇ, ಈಗ ನಮ್ಮ ಧರ್ಮಕೇಂದ್ರದ್ದೇ ಒಂದು ಕುಟುಂಬದ ಕಥೆಯನ್ನು ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ನಿಮ್ಮ ಮುಂದಿಡುತ್ತೇನೆ. ತಂದೆ ಗೌಂಡಿ ಕೆಲಸದವರು. ತಾಯಿ ಹೊಲದ ಕೂಲಿಗೆ ಹೋಗುವವರು. ಎರಡನೆಯ ಮಗು ಹೆಣ್ಣು. ಎಂಟು ತಿಂಗಳಾದರೂ ಕೂಸಿಗೆ ಕುತ್ತಿಗೆ ನಿಲ್ಲಲಿಲ್ಲ. ಎಣ್ಣೆ ತಿಕ್ಕಿದರು, ಕಂಡಕಂಡ ವೈದ್ಯರಿಗೆ ತೋರಿಸಿದರು, ಹರಕೆ ಹೊತ್ತರು. ಹುಣ್ಣಿಮೆಯ ದಿನಗಳಲ್ಲಿ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಕೂಸುಗಳನ್ನು ಸೊಂಟದ ಮೇಲೆ ಹೊತ್ತು ಹೋಗುವ ತಾಯಂದಿರನ್ನು ನಾವೆಲ್ಲ ನೋಡುತ್ತೇವೆ. ನಮ್ಮ ತಾಯಂದಿರು ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರಗಳಿಗೆ ಹೊತ್ತು ಹೋಗುತ್ತಾರೆ. ಅವರ ಕಣ್ಣೀರು ಒಂದೇ. ಅದನ್ನು ನೋಡಿ ನಗುವ ಅಧಿಕಾರ ಯಾರಿಗೂ ಇಲ್ಲ. ಕೊನೆಗೆ ದೊಡ್ಡ ಊರಿನ ವೈದ್ಯರು, ಹುಟ್ಟುವ ಸಮಯದಲ್ಲಿ ಮೆದುಳಿಗೆ ಪೆಟ್ಟಾಗಿದೆ, ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ, ಇದು ಗುಣವಾಗುವ ರೋಗವಲ್ಲ, ಆದರೆ ವ್ಯಾಯಾಮ ಮಾಡಿಸಿದರೆ ಮಗು ಬಹಳಷ್ಟನ್ನು ಕಲಿಯಬಲ್ಲದು ಎಂದರು. ಮೊದಲ ಮಾತು ಮನೆಯವರೆಲ್ಲರಿಗೂ ಕೇಳಿಸಿತು. ಕೊನೆಯ ಮಾತು ತಾಯಿಗೆ ಮಾತ್ರ ಕೇಳಿಸಿತು.

ಆಮೇಲೆ ಪ್ರಶ್ನೆಗಳು ಹುಟ್ಟಿದವು. ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ? ಏನು ತಿಂದೆ? ಯಾರ ಶಾಪ? "ನಮ್ಮ ವಂಶದಾಗ ಹಿಂಗ ಯಾರೂ ಇರಲಿಲ್ಲ" ಎಂದರು ಹಿರಿಯರು. ಸಂತ ಯೊವಾನ್ನನ ಶುಭಸಂದೇಶದಲ್ಲಿ ಹುಟ್ಟು ಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಯಾರದು, ಇವನದೋ ಹೆತ್ತವರದೋ? ಪ್ರಭು ಎರಡನ್ನೂ ನಿರಾಕರಿಸಿದರು. ಎರಡು ಸಾವಿರ ವರ್ಷಗಳ ಹಿಂದೆ ಪ್ರಭು ಮುಗಿಸಿದ ಪ್ರಶ್ನೆಯನ್ನು ನಾವು ಕ್ರೈಸ್ತರಾಗಿದ್ದೂ ಇನ್ನೂ ಕೇಳುತ್ತಿದ್ದೇವೆ. ಆ ತಾಯಿ ನನ್ನೊಡನೆ ಒಮ್ಮೆ ಹೇಳಿದ ಮಾತನ್ನು ಹಾಗೆಯೇ ಹೇಳುತ್ತೇನೆ: "ಮಗಳನ್ನ ಹೊತ್ತು ನನ್ನ ಬೆನ್ನು ಸೋತಿಲ್ರಿ ಫಾದರ. ಮಂದಿಗೆ ಉತ್ತರಾ ಕೊಟ್ಟು ಕೊಟ್ಟು ಬಾಯಿ ಸೋತೈತಿ."

ಅಂಗನವಾಡಿಯ ಕಾರ್ಯಕರ್ತೆ ಮಗುವನ್ನು ಎರಡು ಮಾತಿಲ್ಲದೆ ಸೇರಿಸಿಕೊಂಡರು. ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಗುರುಗಳು ಅನುಮಾನಿಸಿದರು. ಮಗುವಿಗೆ ಬುದ್ಧಿ ಚೆನ್ನಾಗಿದೆ, ಸರಿ. ಆದರೆ ಮೆಟ್ಟಿಲು ಹತ್ತಿಸುವವರು ಯಾರು, ಶೌಚಕ್ಕೆ ಕರೆದುಕೊಂಡು ಹೋಗುವವರು ಯಾರು, ಬಿದ್ದರೆ ಹೊಣೆ ಯಾರು? ಇವು ಕೆಟ್ಟ ಪ್ರಶ್ನೆಗಳಲ್ಲ. ನಾನು ಕೇಳಿದ ಪ್ರಶ್ನೆಗಳೇ ಅವು. ಆದರೆ ಆ ಗುರುಗಳು ಪ್ರಶ್ನೆ ಕೇಳಿ ಬಾಗಿಲು ಮುಚ್ಚಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದರು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ತಂದೆ ಎರಡು ಗಾಡಿ ಕಲ್ಲು, ಒಂದಿಷ್ಟು ಸಿಮೆಂಟು ತಂದು ಶಾಲೆಯ ಮೆಟ್ಟಿಲ ಪಕ್ಕದಲ್ಲಿ ತಾವೇ ಒಂದು ಇಳಿಜಾರು ಕಟ್ಟಿದರು. ಅದು ಕಡಿದಾಯಿತು, ಗಾಲಿಕುರ್ಚಿ ಹಿಂದಕ್ಕೆ ಜಾರಿತು. ಮರುವಾರ ಒಡೆದು ಉದ್ದವಾಗಿ ಮತ್ತೆ ಕಟ್ಟಿದರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆಂಬ ಲೆಕ್ಕವನ್ನು ಅವರಿಗೆ ಹೇಳಿದವರು ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಇಂಥ ಮಕ್ಕಳಿಗಾಗಿಯೇ ಬರುವ ಶಿಕ್ಷಕರು.

ಶೌಚಾಲಯದ ಸಮಸ್ಯೆ ಹಾಗೆ ಬಗೆಹರಿಯಲಿಲ್ಲ. ನಾಲ್ಕು ವರ್ಷ ಆ ತಾಯಿ ದಿನಕ್ಕೆರಡು ಬಾರಿ, ಹನ್ನೊಂದು ಗಂಟೆಗೂ ಎರಡು ಗಂಟೆಗೂ, ಶಾಲೆಗೆ ಬರುತ್ತಿದ್ದರು. ನಡುವೆ ಎದ್ದು ಬರುವವಳನ್ನು ಯಾವ ಹೊಲದವರು ಕೂಲಿಗೆ ಕರೆದಾರು? ಮಗಳು ಅಕ್ಷರ ಕಲಿಯಬೇಕಾದರೆ ತಾಯಿಯ ಕೂಲಿ ಹೋಗಬೇಕಾಯಿತು. ಐದನೆಯ ತರಗತಿಗೆ ಬಂದಾಗ ಜೊತೆಯ ಇಬ್ಬರು ಹುಡುಗಿಯರು, ಯಾರೂ ಹೇಳದೆಯೇ, "ಅಕ್ಕಾರ, ನೀವು ಬರಬ್ಯಾಡ್ರಿ, ನಾವು ಕರಕೊಂಡು ಹೋಗತೀವಿ" ಎಂದರಂತೆ. ಅಂದಿನಿಂದ ಆ ತಾಯಿ ಮತ್ತೆ ಕೂಲಿಗೆ ಹೋದರು. ಅವರನ್ನು ಬಿಡುಗಡೆ ಮಾಡಿದವರು ಹತ್ತು ವರ್ಷದ ಇಬ್ಬರು ಮಕ್ಕಳು. ನಮ್ಮಂಥ ದೊಡ್ಡವರಿಗೆ ನಾಲ್ಕು ವರ್ಷ ಅದು ಕಾಣಿಸಲಿಲ್ಲ.

ಆ ಮನೆಯಲ್ಲಿ ಹಿರಿಯ ಮಗನೊಬ್ಬನಿದ್ದಾನೆಂಬುದನ್ನು ನಾನೂ ಮರೆತಿದ್ದೆ. ತಾಯಿಯ ಕೈ ತಂಗಿಗೆ, ತಂದೆಯ ದುಡಿಮೆ ಔಷಧಕ್ಕೆ. ತನ್ನ ಪರೀಕ್ಷೆಯ ಅಂಕ ಕೇಳುವವರಿಲ್ಲದೆ ಅವನು ಬೆಳೆದ. ಮದುವೆಯ ವಯಸ್ಸಿಗೆ ಬಂದಾಗ ಆ ಮನೆಯಲ್ಲಿ ಅಂಥ ಹುಡುಗಿಯಿದ್ದಾಳೆ ಎಂದು ಒಂದು ಸಂಬಂಧ ಹಿಂದೆ ಸರಿಯಿತು. ಹಿಂದೆ ಸರಿದವರು ಪ್ರತಿ ಭಾನುವಾರ ಪೂಜೆಗೆ ಬರುವ ಜನ. ಅವರನ್ನು ದೂಷಿಸುವುದಕ್ಕಾಗಿ ಇದನ್ನು ಹೇಳಲಿಲ್ಲ. ಬಾಗಿಲಲ್ಲಿ ನಾವು ಎಷ್ಟು ಬಗೆಯಾಗಿ ನಿಲ್ಲುತ್ತೇವೆಂಬುದನ್ನು ತೋರಿಸುವುದಕ್ಕಾಗಿ ಹೇಳಿದೆ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಬಂತು. ಹುಡುಗಿಗೆ ಉತ್ತರ ಗೊತ್ತು, ಆದರೆ ಬೆರಳು ಮಾತು ಕೇಳುವುದಿಲ್ಲ. ಬರೆಯಲು ಸಹಾಯಕರನ್ನೂ ಹೆಚ್ಚುವರಿ ಸಮಯವನ್ನೂ ಪಡೆಯಲು ಅವಕಾಶವಿದೆ. ಅದಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಆ ಒಂದು ಕಾಗದಕ್ಕಾಗಿ ತಂದೆ ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಮಗಳನ್ನು ಹೊತ್ತು ಹೋಗಬೇಕಾಯಿತು. ಒಂದು ಸಲ ವೈದ್ಯರಿರಲಿಲ್ಲ, ಒಂದು ಸಲ ಭಾವಚಿತ್ರ ಸರಿಯಿರಲಿಲ್ಲ. ಮೂರನೆಯ ಸಲ ಕೆಲಸವಾಯಿತು. ಕೆಳಗಿನ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತು ಅವಳು ಹೇಳಿದ್ದನ್ನು ಬರೆದಳು. ಆ ಮಗಳು ತೇರ್ಗಡೆಯಾಗಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಇಂದು ಈ ಸಭೆಯಲ್ಲಿಯೂ ಇದ್ದಾಳೆ. ದೇವಾಲಯದ ಒಳಗೆ ಬರಲು ಇವತ್ತಿಗೂ ಇಬ್ಬರು ಅವಳನ್ನು ಎತ್ತಿಕೊಂಡು ಬರಬೇಕು.

ಎಲ್ಲ ಕಥೆಗಳೂ ತೇರ್ಗಡೆಯಲ್ಲಿ ಮುಗಿಯುವುದಿಲ್ಲ. ಇನ್ನೊಂದು ಮನೆಯ ಹುಡುಗ ಬೌದ್ಧಿಕ ಬೆಳವಣಿಗೆ ಕಡಿಮೆಯಿದ್ದವನು. ಶಾಲೆ ಅವನನ್ನು ಸೇರಿಸಿಕೊಂಡಿತು, ಬೈಯಲಿಲ್ಲ, ಹೊಡೆಯಲಿಲ್ಲ. ವರ್ಷವರ್ಷವೂ ಮೇಲಿನ ತರಗತಿಗೆ ಏರಿಸಿತು. ಎಂಟನೆಯ ತರಗತಿ ಮುಗಿಸಿದಾಗ ಅವನಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಎಂಟು ವರ್ಷ ಮೂಲೆಯಲ್ಲಿ ಕುಳಿತಿದ್ದ. ನಾನು ನಿರಾಕರಿಸಿದ ತಾಯಿ ಬೇಡಿದ್ದು ಅಷ್ಟನ್ನೇ ಎಂಬುದು ನೆನಪಿಗೆ ಬಂದು ನನಗೆ ಮತ್ತೊಂದು ಸಂಗತಿ ಹೊಳೆಯಿತು. ಕುಳಿತುಕೊಳ್ಳಲು ಜಾಗ ಕೊಟ್ಟ ಮಾತ್ರಕ್ಕೆ ಬಾಗಿಲು ತೆರೆದಂತಾಗುವುದಿಲ್ಲ. ಹಣ ಎಣಿಸುವುದು, ಬಸ್ಸಿನ ಫಲಕ ಗುರುತಿಸುವುದು, ತನ್ನ ಬಟ್ಟೆ ತಾನು ತೊಟ್ಟುಕೊಳ್ಳುವುದು, ನಾಲ್ವರೊಡನೆ ಬೆರೆಯುವುದು ಇವೂ ವಿದ್ಯೆಯೇ. ಅವನ್ನು ಕಲಿಸಿದ್ದರೆ ಅವನು ಕಲಿಯುತ್ತಿದ್ದ. ಈಗ ತಂದೆ ಅರುವತ್ತು ದಾಟಿದವರು. "ನಾವು ಇರೂತನಕ ನಡೀತೈತ್ರಿ ಫಾದರ, ಆಮ್ಯಾಲ?" ಎಂದು ಕೇಳುತ್ತಾರೆ. ಅಂಥ ಮಕ್ಕಳ ಮನೆಯಲ್ಲಿ ರಾತ್ರಿಯೆಲ್ಲ ಎಚ್ಚರವಾಗಿರುವುದು ಈ ಒಂದು ಪ್ರಶ್ನೆ.

ಇದೆಲ್ಲ ಆಗದ ಮಾತೆನ್ನುವವರು ನಮಗೆ ದೂರವಲ್ಲದ ಗದಗಿನತ್ತ ನೋಡಲಿ. 1892ರಲ್ಲಿ ಹಾನಗಲ್ಲ ತಾಲೂಕಿನ ಬಡ ಮನೆಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಕುರುಡರು. ಅವರ ಅಣ್ಣನೂ ಹಾಗೆಯೇ. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕರ ಕಂಠವನ್ನು ಕೇಳಿ ಅವರಿಗೆ ಸಂಗೀತ ಕಲಿಸುವ ಏರ್ಪಾಟು ಮಾಡಿದರು. ಆ ಕುರುಡ ಬಾಲಕ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಅನಾಥರಿಗೂ ಅನ್ನ, ವಿದ್ಯೆ ಕೊಟ್ಟರು. ಅಲ್ಲಿಯೇ ಬೆಳೆದವರು, ಎಳೆಯ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. ತಂದೆಯಿಲ್ಲದ ಆ ಮಗುವಿನ ಕೈಹಿಡಿದು ಗುರುವಿನ ಬಳಿಗೆ ತಂದವರು ಸೋದರಮಾವ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜರು 2010ರಲ್ಲಿ ತಮ್ಮ ಕೊನೆಯುಸಿರಿನವರೆಗೆ ಆ ಆಶ್ರಮವನ್ನು ನಡೆಸಿದರು; ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ರಚಿಸಿದರು; ಅದೇ ವರ್ಷ ಪದ್ಮಭೂಷಣ ಅವರಿಗೆ ಸಂದಿತು. ಪ್ರತಿಯೊಬ್ಬ ಅಂಗವಿಕಲ ಮಗುವೂ ಪುಟ್ಟರಾಜರಾಗಬೇಕೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಇನ್ನೊಂದು ಬಗೆಯ ಕ್ರೌರ್ಯ. ಆದರೆ ಕಿವಿಗೊಟ್ಟು ಕೇಳಿದ ಒಬ್ಬ ಸ್ವಾಮಿ, ಕೈಹಿಡಿದು ನಡೆಸಿದ ಒಬ್ಬ ಸೋದರಮಾವ ಇಲ್ಲದಿದ್ದರೆ ಅವರೂ ಒಳಕೋಣೆಯಲ್ಲಿ ಉಳಿಯುತ್ತಿದ್ದರು.

ನಮ್ಮ ಧರ್ಮಸಭೆಯಲ್ಲಿಯೂ ಇಂಥ ಒಬ್ಬಳಿದ್ದಾಳೆ. 1287ರಲ್ಲಿ ಇಟಲಿಯ ಒಂದು ಶ್ರೀಮಂತ ಮನೆಯಲ್ಲಿ ಹುಟ್ಟಿದ ಮಾರ್ಗರೇಟ್ ಕುರುಡಿ, ಕುಳ್ಳಿ, ಬೆನ್ನು ಬಾಗಿದವಳು. ಮನೆತನದ ಮಾನಕ್ಕಂಜಿದ ಹೆತ್ತವರು ಅವಳನ್ನು ಪ್ರಾರ್ಥನಾಮಂದಿರದ ಪಕ್ಕದ ಕೋಣೆಯಲ್ಲಿ ಮುಚ್ಚಿಟ್ಟರೆಂದೂ, ವಾಸಿಯಾಗಲೆಂದು ಕಸ್ತೆಲ್ಲೊ ಪಟ್ಟಣದ ಒಂದು ಪುಣ್ಯಕ್ಷೇತ್ರಕ್ಕೆ ಕರೆತಂದು, ವಾಸಿಯಾಗದಿದ್ದಾಗ ಅಲ್ಲಿಯೇ ಬಿಟ್ಟು ಹೋದರೆಂದೂ ಅವಳ ಜೀವನಚರಿತ್ರೆ ಹೇಳುತ್ತದೆ. ಆ ಪಟ್ಟಣದ ಬಡವರು ಅವಳನ್ನು ಸರದಿಯಂತೆ ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ಅವಳು ಡೊಮಿನಿಕನ್ ಮೂರನೆಯ ಸಭೆಗೆ ಸೇರಿ ರೋಗಿಗಳ, ಸೆರೆಯಾಳುಗಳ ಸೇವೆ ಮಾಡಿ 1320ರಲ್ಲಿ ತೀರಿಕೊಂಡಳು. 2021ರ ಏಪ್ರಿಲ್ 24ರಂದು ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು. ಏಳುನೂರು ವರ್ಷ ತಡವಾಯಿತು! ಹೆತ್ತವರ ಹೆಸರು ಯಾರಿಗೂ ನೆನಪಿಲ್ಲ. ಮುಚ್ಚಿಟ್ಟ ಮಗಳ ಹೆಸರು ಪೀಠದ ಮೇಲಿದೆ.

ಈಗ ಕೆಲವು ಉಪಯುಕ್ತ ಸಂಗತಿಗಳನ್ನು ಹೇಳುತ್ತೇನೆ. ಹೆತ್ತವರು ಮನಸ್ಸಿಟ್ಟು ಕೇಳಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಅವರ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಅದರಂತೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ, ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣ ಸಲ್ಲಬೇಕು. ಹಾಸಿಗೆ ಬಿಟ್ಟು ಏಳಲಾರದ ಮಗುವಿಗೆ ಮನೆಯಲ್ಲಿಯೇ ಕಲಿಸುವ ಅವಕಾಶವೂ ಉಂಟು. ಆದರೆ ಬರಬಲ್ಲ ಮಗುವನ್ನು ಮನೆಯಲ್ಲಿರಿಸಲು ಅದು ನೆಪವಾಗಬಾರದು.

ಮಗುವಿನ ಬೆಳವಣಿಗೆಯಲ್ಲಿ ಸಂಶಯ ಬಂದರೆ ಕಾಯಬೇಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಿಗೂ ಶಾಲೆಗಳಿಗೂ ವೈದ್ಯರ ತಂಡ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ ಮಗುವನ್ನು ಅಡಗಿಸಿಡಬೇಡಿ. ಕಿವಿ ಕೇಳದ ಮಗುವನ್ನು ಎಳೆತನದಲ್ಲಿಯೇ ಗುರುತಿಸಿದರೆ ಭಾಷೆ ಕಲಿಸುವುದು ಸುಲಭ, ತಡವಾದಷ್ಟೂ ಕಷ್ಟ. ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಯನ್ನು ಚಿಕ್ಕಂದಿನಲ್ಲಿಯೇ ಮಾಡಿಸಿರಿ. ಪರೀಕ್ಷೆಯ ಹಿಂದಿನ ತಿಂಗಳವರೆಗೆ ಬಿಡಬೇಡಿ. ಗ್ರಾಮ ಪಂಚಾಯತಿಯಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಅವರನ್ನು ಕೇಳಿರಿ. ಶಾಲೆಯವರು ನಿರಾಕರಿಸಿದರೆ ಜಗಳ ಬೇಡ. ಕಾರಣವನ್ನು ಬರೆದುಕೊಡಿರೆಂದು ವಿನಯದಿಂದ ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡಿರಿ. ಬೌದ್ಧಿಕ ಅಂಗವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವಿಕಲತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಒಂದು ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆ ಇದೆ. ಹದಿನೆಂಟು ತುಂಬಿದ ಮೇಲೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮೂಲಕ ಅವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. 'ಆಮ್ಯಾಲ?' ಎಂಬ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲ; ಉತ್ತರದ ಮೊದಲ ಸಾಲು.

ನಮ್ಮ ಶಾಲೆಗಳ ಬಗ್ಗೆ ಒಂದು ಮಾತು. ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ವಕೀಲರು ಅದನ್ನು ನೋಡಿಕೊಳ್ಳಲಿ. 2016ರ ಕಾಯಿದೆಯಂತೂ ಸರ್ಕಾರದ ಮಾನ್ಯತೆ ಅಥವಾ ಧನಸಹಾಯ ಪಡೆದ ಶಾಲೆಗಳು ಭೇದವಿಲ್ಲದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳುವಂತೆ ಮಾಡಬೇಕೆಂದು ಸರ್ಕಾರಕ್ಕೆ ವಿಧಿಸಿದೆ. ನನ್ನ ಪ್ರಶ್ನೆ ಬೇರೆ. ಕಾಯಿದೆ ತಲುಪದಿದ್ದರೆ ಶುಭಸಂದೇಶವೂ ನಮ್ಮನ್ನು ತಲುಪುವುದಿಲ್ಲವೇ? ಶಿಲುಬೆಯನ್ನು ಬಾಗಿಲ ಮೇಲೆ ತೂಗುಹಾಕಿದ ಶಾಲೆ, ಕಾನೂನು ಹಿಡಿದು ಎಳೆಯುವವರೆಗೂ ಕಾಯಬೇಕೇ?

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಮಿಕ್ಕು ಅಂಗವಿಕಲರಿದ್ದರು. ನಮ್ಮ ಪೂಜೆಗೆ ಬರುವವರಲ್ಲಿ ಅವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಉಳಿದವರು ಎಲ್ಲಿದ್ದಾರೆಂದು ನಾವೇ ಹೋಗಿ ನೋಡಬೇಕು. ಆದುದರಿಂದ ಈ ಶತಮಾನೋತ್ಸವದ ನೆನಪಿಗೆ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ನಮ್ಮ ದೇವಾಲಯದ ಮುಂದೆ ಐದು ಮೆಟ್ಟಿಲುಗಳಿವೆ, ಎತ್ತರ ಎರಡೂವರೆ ಅಡಿ. ಲೆಕ್ಕದ ಪ್ರಕಾರ ಮೂವತ್ತು ಅಡಿ ಉದ್ದದ ಇಳಿಜಾರು ಬೇಕು. ಶಾಲೆಯ ಇಳಿಜಾರನ್ನು ಕಟ್ಟಿದ ಆ ತಂದೆಯೇ ಮೊನ್ನೆ ಬಂದು ಅಳತೆ ತೆಗೆದುಕೊಂಡಿದ್ದಾರೆ. ಶತಮಾನೋತ್ಸವದ ಕಮಾನಿಗೆ ಸಮಿತಿ ಹಣ ಕೂಡಿಸಿದೆಯೆಂದು ಬಲ್ಲೆ. ಕಮಾನು ಬರುವ ವರ್ಷವಾದರೂ ಆಗಬಹುದು. ಇಳಿಜಾರು ಮೊದಲಾಗಲಿ ಎಂಬುದು ನನ್ನ ಬಿನ್ನಹ. ಆ ಮಗಳನ್ನು ಇಬ್ಬರು ಎತ್ತಿಕೊಂಡು ಬರುವುದು ನಮಗೆ ಸೇವೆಯೆಂದು ತೋರುತ್ತದೆ. ಅವಳಿಗೆ ಅದು ಪ್ರತಿ ಭಾನುವಾರದ ಸಂಕೋಚ.

ಎರಡನೆಯದು: ಬೌದ್ಧಿಕ ಅಂಗವಿಕಲತೆಯುಳ್ಳ ಮಕ್ಕಳಿಗೆ ಜ್ಞಾನೋಪದೇಶ ಬಾರದೆಂದು ನಾವು ಪರಮಪ್ರಸಾದವನ್ನು ಮುಂದೂಡುತ್ತ ಬಂದಿದ್ದೇವೆ. ಸಾಮಾನ್ಯ ರೊಟ್ಟಿಗೂ ಆ ದಿವ್ಯ ರೊಟ್ಟಿಗೂ ಇರುವ ಭೇದವನ್ನು ಮಗು ತನ್ನ ಮಟ್ಟಿಗೆ ಅರಿತರೆ ಸಾಕೆಂದು 1910ರಲ್ಲಿಯೇ ಸಂತ ಹತ್ತನೆಯ ಭಕ್ತಿನಾಥರು, ಎಂದರೆ ಪೋಪ್ ಹತ್ತನೆಯ ಪಿಯುಸ್, ತಮ್ಮ ಆಜ್ಞಾಪತ್ರದಲ್ಲಿ ತಿಳಿಸಿದ್ದರು. ನಾನು ಹೇಳಿದ ಆ ಹುಡುಗ ಪೂಜೆಯ ಹೊತ್ತಿಗೆ ಪೀಠದತ್ತ ಕೈಮುಗಿದು ಮೌನವಾಗಿ ನಿಲ್ಲುತ್ತಾನೆ. ನಮ್ಮಲ್ಲಿ ಎಷ್ಟು ಮಂದಿ ಹಾಗೆ ನಿಲ್ಲುತ್ತೇವೆ? ಬರುವ ಪವಿತ್ರಾತ್ಮರ ಹಬ್ಬದಂದು ಅವನ ಹೆಸರನ್ನು ನಾನು ಎರಡನೆಯ ಪುಸ್ತಕದಲ್ಲಿ ಬರೆಯುತ್ತೇನೆ.

ಮೂರನೆಯದು: ಕಸ್ತೆಲ್ಲೊ ಪಟ್ಟಣದ ಬಡವರಂತೆ ನಾವೂ ಸರದಿ ಹಿಡಿಯೋಣ. ತಿಂಗಳಿಗೊಂದು ಮಧ್ಯಾಹ್ನ ಒಂದು ಕುಟುಂಬ ಇಂಥ ಒಂದು ಮನೆಗೆ ಹೋಗಿ ಮಗುವಿನೊಡನೆ ಇರಲಿ; ಆ ತಾಯಿ ಅಂದು ಸಂತೆಗೆ ಹೋಗಲಿ, ತವರಿಗೆ ಹೋಗಲಿ, ಇಲ್ಲವೇ ಸುಮ್ಮನೆ ಮಲಗಲಿ. ಹಣದ ಖರ್ಚಿಲ್ಲ. ಪ್ರಶ್ನೆ ಕೇಳದೆ ಹೋಗಿ ಕುಳಿತುಕೊಳ್ಳಬೇಕು, ಅಷ್ಟೇ.

ಪ್ರಿಯರೇ, ಆ ಪಾರ್ಶ್ವವಾಯು ರೋಗಿಯನ್ನು ಹೊರಲು ನಾಲ್ವರು ಬೇಕಾದರು. ನಮ್ಮಲ್ಲಿ ಆ ಹಾಸಿಗೆಯ ನಾಲ್ಕು ಮೂಲೆಗಳನ್ನೂ ಒಬ್ಬ ತಾಯಿ ಹಿಡಿದುಕೊಂಡಿದ್ದಾಳೆ. ಮಾಳಿಗೆ ಹತ್ತುವ ಶಕ್ತಿ ಅವಳಿಗಿಲ್ಲ. ಅವಳಿಗಾಗಿ ನಾವು ಛಾವಣಿ ಬಿಚ್ಚಬೇಕಾಗಿಲ್ಲ. ಬಾಗಿಲಿನಿಂದ ಸ್ವಲ್ಪ ಸರಿದು ನಿಂತರೆ ಸಾಕು. 1994ರ ಜೂನ್ ತಿಂಗಳ ಆ ಮಳೆಯಲ್ಲಿ ನಾನು ಸರಿಯಲಿಲ್ಲ. ಆ ತಾಯಿ ಎಲ್ಲಿರುವಳೋ, ಮಗ ಇರುವನೋ ಇಲ್ಲವೋ, ಕೇಳಲು ನನ್ನ ಬಳಿ ವಿಳಾಸವಿಲ್ಲ. ಅವಳ ಕ್ಷಮೆಯನ್ನು ನಾನು ನಿಮ್ಮೆಲ್ಲರ ಎದುರು ಬೇಡುತ್ತೇನೆ. ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನದ ಪುಸ್ತಕಗಳನ್ನು ಮುಂದೊಬ್ಬ ಗುರು ತೆರೆದು ನೋಡಿದಾಗ, ಮೊದಲನೆಯದರಿಂದ ಕೊನೆಯದಕ್ಕೆ ಹಾರಿದ ಹೆಸರು ಅವರಿಗೆ ಒಂದೂ ಸಿಗದಿರಲಿ.

ಪ್ರಭು ನಿಮ್ಮನ್ನೂ ನಿಮ್ಮ ಮಕ್ಕಳೆಲ್ಲರನ್ನೂ ಆಶೀರ್ವದಿಸಲಿ.